ಎಣ್ಣೆ ಹೊಡೆದಾಗ ಹುಳದ ಯಾವ ಬಾಗಿಲು ಮುರಿಯುತ್ತದೆ, ನಮ್ಮದು ಯಾವುದು?

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಮುಂಗಾರಿನಲ್ಲಿ ಹಾವೇರಿ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಬಸ್ಸಿನ ಕಿಟಕಿಯಿಂದ ಕಾಣೋದು ಹೆಚ್ಚಾಗಿ ಗೋವಿನಜೋಳವೇ. ಗಿಡ ಮೊಣಕಾಲೆತ್ತರ ಬರುವ ಮೊದಲೇ ಸುಳಿಯೊಳಗೆ ಲದ್ದಿ ಹುಳ. ಈ ಫಾಲ್ ಸೈನಿಕ ಹುಳ ಭಾರತದಲ್ಲಿ ಮೊದಲು ಪತ್ತೆಯಾಗಿದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ಅದಕ್ಕೆ ಹೊಡೆಯುವ ಮುಖ್ಯ ಔಷಧಿ ಎಮಾಮೆಕ್ಟಿನ್ ಬೆಂಜೊಯೇಟ್. ಅದೇ ಅಂಗಡಿಯ ಅದೇ ಕಪಾಟಿನಲ್ಲಿ ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್ ಕೂಡ ಇರುತ್ತವೆ. ಪುಡಿಯಾಗಲಿ ದ್ರವವಾಗಲಿ, ಊರ ಮಾತಿನಲ್ಲಿ ಎಲ್ಲಾ ‘ಎಣ್ಣೆ’ಯೇ. ಆದರೆ ಸಿಂಪಡಿಸುವವನ ಮೈಯೊಳಗೆ ಇವು ಒಂದೇ ಅಲ್ಲ. ಯಾಕೆ ಅಂತ ತಿಳಿಯೋಕೆ ನರಕೋಶದ ಬಾಗಿಲೊಂದನ್ನು ನೋಡಬೇಕು.

ನರಕೋಶಗಳು ಒಂದಕ್ಕೊಂದು ಮಾತಾಡೋದು ಅಸಿಟೈಲ್‌ಕೋಲಿನ್, ಗ್ಲುಟಮೇಟ್, ಗಾಬಾ ಎಂಬಂಥ ನರವಾಹಕ ರಾಸಾಯನಿಕಗಳ ಮೂಲಕ. ಅವು ಬಂದು ತಟ್ಟುವ ಬಾಗಿಲುಗಳಲ್ಲಿ ಒಂದು ದೊಡ್ಡ ಕುಟುಂಬದ ವಿನ್ಯಾಸ ಹೀಗಿದೆ: ಐದು ಪ್ರೋಟೀನುಗಳು ಬಾವಿಕಟ್ಟೆಯ ಸುತ್ತ ನಿಂತ ಐದು ಕಂಬಗಳಂತೆ ವೃತ್ತವಾಗಿ ನಿಂತಿರುತ್ತವೆ, ನಡುವೆ ಸಣ್ಣ ರಂಧ್ರ. ಕಂಬಗಳ ಮೇಲರ್ಧ ಕೋಶದ ಹೊರಗೆ, ಕೆಳಭಾಗ ಕೋಶದ ಪೊರೆಯೊಳಗೆ. ರಂಧ್ರದ ಇಕ್ಕಟ್ಟಾದ ಜಾಗದಲ್ಲಿ ಜಿಡ್ಡಿನ ಗುಣದ ಕೊಂಡಿಗಳು ಮುಖಾಮುಖಿಯಾಗಿ ನೀರನ್ನು ದೂರ ತಳ್ಳುತ್ತವೆ. ನೀರಿಲ್ಲದೆ ಅಯಾನುಗಳು ದಾಟಲಾರವು. ಬಾಗಿಲು ಮುಚ್ಚಿದೆ ಅಂದ್ರೆ ಇಷ್ಟೇ.

ನರವಾಹಕ ಬಂದು ಕೂರೋದು ಮೇಲೆ, ಎರಡು ಕಂಬಗಳ ನಡುವಿನ ಸಂದಿನಲ್ಲಿ. ಕೂತ ಕೂಡಲೇ ಸಂದಿನ ಪಕ್ಕದ ಮಡಿಕೆಯೊಂದು ಮುಚ್ಚಳದ ಹಾಗೆ ಮುಚ್ಚಿಕೊಳ್ಳುತ್ತದೆ. ಆ ಎಳೆತಕ್ಕೆ ಕಂಬದ ಮೇಲ್ಭಾಗ ತುಸು ತಿರುಚಿ, ಕೆಳಗೆ ರಂಧ್ರದ ಗೋಡೆಯಾಗಿರುವ ಸುರುಳಿಗಳು ಹೊರಕ್ಕೆ ವಾಲುತ್ತವೆ. ಇಷ್ಟೂ ಆಗೋದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ. ಬಾಗಿಲು ತೆರೆದಿರುವ ಆ ಗಳಿಗೆಯಲ್ಲೇ ಸಾವಿರಾರು ಅಯಾನುಗಳು ನುಗ್ಗುತ್ತವೆ. ನರವಾಹಕ ಬಿಟ್ಟುಹೋದರೆ ಎಲ್ಲಾ ಮೊದಲಿನಂತೆ.

ಎಮಾಮೆಕ್ಟಿನ್ ಕೈ ಹಾಕೋದು ಹುಳದ ಗ್ಲುಟಮೇಟ್ ಬಾಗಿಲಿಗೆ. ಅದು ಮೇಲಿನ ಸಂದಿಗೆ ಹೋಗೋದೇ ಇಲ್ಲ. ಕೆಳಗೆ, ಪೊರೆಯೊಳಗೆ, ಎರಡು ಕಂಬಗಳ ನಡುವೆ ಬೆಣೆ ಹೊಡೆದ ಹಾಗೆ ಕೂತು ರಂಧ್ರವನ್ನು ತೆರೆದೇ ಇಡುತ್ತದೆ. ಕ್ಲೋರೈಡ್ ಒಳಗೆ ಹರಿದು ನರ ಮಂಕಾಗುತ್ತದೆ. ಕುರಿಗೆ ಜಂತಿನ ಔಷಧಿಯಾಗಿ ಕೊಡುವ ಐವರ್‌ಮೆಕ್ಟಿನ್ ಇದರ ಅಕ್ಕನೋ ತಂಗಿಯೋ. ಅದು ಹೀಗೆ ಬೆಣೆಯಾಗಿ ಕೂತ ಚಿತ್ರ 2011ರಲ್ಲಿ ಸಿಕ್ಕಿತು. ಎಣ್ಣೆ ತಿಂದ ಹುಳ ಬೇಗನೆ ಮೇಯೋದು ನಿಲ್ಲಿಸುತ್ತದೆ, ಸಾಯೋದಕ್ಕೆ ಎರಡು ಮೂರು ದಿನ ಬೇಕು. ಮರುದಿನ ಹುಳ ಮಿಸುಕೋದು ಕಂಡು ‘ಎಣ್ಣೆ ಹತ್ತಲಿಲ್ಲ’ ಅಂತ ಇನ್ನೊಂದನ್ನು ಬೆರೆಸಿ ಹೊಡೆದರೆ ಆ ಖರ್ಚು ದಂಡ.

ಈ ಗ್ಲುಟಮೇಟ್ ಕ್ಲೋರೈಡ್ ಬಾಗಿಲು ನಮಗಿಲ್ಲ. ಹಾಗಂತ ಎಮಾಮೆಕ್ಟಿನ್ ನಿರುಪದ್ರವಿ ಅಲ್ಲ, ಹೆಚ್ಚು ಪ್ರಮಾಣ ಮೈ ಸೇರಿದರೆ ನಮ್ಮ ಗಾಬಾ ಬಾಗಿಲನ್ನೂ ಕೆಣಕುತ್ತದೆ. ಗಾಬಾ ಮಿದುಳಿನ ಬ್ರೇಕು. ಕಾಸರಗೋಡಿನಲ್ಲಿ, ದಕ್ಷಿಣ ಕನ್ನಡದ ಕೊಕ್ಕಡದ ಸುತ್ತ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಅದೇ ಗಾಬಾ ಬಾಗಿಲಿನ ರಂಧ್ರಕ್ಕೆ ಬಿರಡೆಯಂತೆ ಕೂರುವ ವಿಷ. ಮೈಗೆ ಹೆಚ್ಚು ಸೇರಿದರೆ ಬ್ರೇಕು ಹೋಗಿ ಫಿಟ್ಸ್ ಬರುತ್ತದೆ. ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರ ಮೇನಲ್ಲಿ.

ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್ ಬಾಗಿಲನ್ನು ಮುಟ್ಟುವುದಿಲ್ಲ. ಕೆಲಸ ಮುಗಿದ ಅಸಿಟೈಲ್‌ಕೋಲಿನನ್ನು ಗುಡಿಸಿಹಾಕುವ ಕಿಣ್ವವನ್ನೇ ಹಿಡಿದು ಕಟ್ಟುತ್ತವೆ. ಆ ಕಿಣ್ವ ಹುಳಕ್ಕೂ ಇದೆ, ನಮಗೂ ಇದೆ. ಗುಡಿಸುವವರಿಲ್ಲದೆ ನರವಾಹಕ ರಾಶಿ ಬಿದ್ದಾಗ ಸ್ನಾಯುವಿನ ಬಾಗಿಲು ಮತ್ತೆ ಮತ್ತೆ ತೆರೆದು ಮಾಂಸಖಂಡ ಅದುರುತ್ತದೆ. ಆಮೇಲೆ ಬಾಗಿಲು ಮೂರನೆಯ ಸ್ಥಿತಿಗೆ ಹೋಗುತ್ತದೆ: ಬೀಗದಲ್ಲಿ ಕೀಲಿಕೈ ಇದ್ದೂ ರಂಧ್ರ ಮುಚ್ಚಿಕೊಳ್ಳುತ್ತದೆ. ಇದು ಆ ಪ್ರೋಟೀನಿನ ರಚನೆಯಲ್ಲೇ ಇರುವ ಗುಣ. ಎದೆಯ ಸ್ನಾಯುಗಳಿಗೆ ಹೀಗಾದರೆ ಉಸಿರು ನಿಲ್ಲುತ್ತದೆ.

ಇಂಥ ವಿಷಕ್ಕೆ ಮೊದಲು ಕೊಡುವುದು ಅಟ್ರೋಪಿನ್. ಅದು ಜೊಲ್ಲು, ಕಫ ತಗ್ಗಿಸಿ ಜೀವ ಉಳಿಸುತ್ತದೆ, ನಿಜ. ಆದರೆ ಅಟ್ರೋಪಿನ್ ಕೆಲಸ ಮಾಡೋದು ಅಸಿಟೈಲ್‌ಕೋಲಿನಿನ ಬೇರೊಂದು ಜಾತಿಯ ಗ್ರಾಹಕಗಳ ಮೇಲೆ. ಸ್ನಾಯುವಿನ ಈ ಐದು ಕಂಬದ ಬಾಗಿಲಿಗೆ ಅದು ನಾಟುವುದಿಲ್ಲ. ಆ ಬಾಗಿಲು ಸರಿಹೋಗುವವರೆಗೆ ಉಸಿರಾಡಿಸೋಕೆ ವೆಂಟಿಲೇಟರ್ ಬೇಕು, ಅದನ್ನು ನಡೆಸಬಲ್ಲವರು ಬೇಕು. ಹಾನಗಲ್ಲಿನಿಂದಲೋ ಹಿರೇಕೆರೂರಿನಿಂದಲೋ ಆಂಬುಲೆನ್ಸ್ ಹುಬ್ಬಳ್ಳಿ, ದಾವಣಗೆರೆ ಮುಟ್ಟುವ ಹೊತ್ತು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

2019ರಲ್ಲಿ ಹಿರೇಕೆರೂರು, 2021ರಲ್ಲಿ ಹಾನಗಲ್, 2024ರಲ್ಲಿ ಶಿಗ್ಗಾವಿ: ಐದೇ ವರ್ಷದಲ್ಲಿ ಮೂರು ಉಪಚುನಾವಣೆ. ಮಂತ್ರಿಗಳ ದಂಡೇ ಬಂದುಹೋದ ಊರುಗಳಿವು. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ವೆಂಟಿಲೇಟರ್ ನಡೆಸುವವರು ಯಾರಿದ್ದಾರೆ ಅನ್ನೋದು ಮುಂದಿನ ಸಲ ವೇದಿಕೆಯೆದುರು ನಿಂತು ಕೇಳಬಹುದಾದ ಪ್ರಶ್ನೆ. ಇನ್ನೊಂದು: ಸಿಂಪಡಿಸುವವರಿಗೆ ರಕ್ಷಣಾ ಉಡುಪು ಇರಬೇಕೆಂದು 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಈ ರಂಜಕಯುಕ್ತ ವಿಷಗಳು ಚರ್ಮದಿಂದಲೂ ಒಳಗೆ ಇಳಿಯುತ್ತವೆ. ಬೆನ್ನಿಗೆ ಪಂಪು ಹೊತ್ತು ದಿನಗೂಲಿಗೆ ಹೋಗುವವನಿಗೆ ಆ ಉಡುಪು ಕೊಡಬೇಕಾದವರು ಯಾರು, ಹೊಲದ ಮಾಲೀಕರೋ, ಕಂಪನಿಯೋ, ಇಲಾಖೆಯೋ?

ಅಷ್ಟರವರೆಗೆ ಒಂದು ಸಣ್ಣ ಕೆಲಸ. ಎಣ್ಣೆ ಹೊಡೆದು ಯಾರಿಗಾದರೂ ತಲೆಸುತ್ತು, ವಾಂತಿ, ಜೊಲ್ಲು, ಮೈ ಅದುರು ಶುರುವಾದರೆ ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಮೈ ತೊಳೆದು, ಆಸ್ಪತ್ರೆಗೆ ಓಡುವಾಗ ಆ ಖಾಲಿ ಬಾಟಲಿಯನ್ನೋ ಪೊಟ್ಟಣವನ್ನೋ ಜೊತೆಗೇ ಒಯ್ಯಿರಿ. ಬರೀ ‘ಎಣ್ಣೆ’ ಅಂದ್ರೆ ಯಾವ ಬಾಗಿಲು ಕೆಟ್ಟಿದೆ ಅಂತ ಡಾಕ್ಟರಿಗೆ ಗೊತ್ತಾಗಲ್ಲ.