ಹತ್ತಿದ್ದು ಇನ್ನೂ ಮುಗಿದಿಲ್ಲ

ಜೇವರ್ಗಿಯ ಕಚೇರಿಯೊಂದಕ್ಕೆ ಹೋಗಿ ‘ಸಾಹೇಬ್ರು ಅದಾರೇನ್ರಿ?’ ಎಂದು ಕೇಳಿದರೆ, ‘ಉಣ್ಲಾಕತ್ಯಾರ್ರೀ, ಕೂಡ್ರಿ’ ಎಂಬ ಉತ್ತರ ಸಿಕ್ಕೀತು. ಮೈಸೂರು ಕಡೆಯಿಂದ ವರ್ಗವಾಗಿ ಬಂದವರು ‘ಕತ್ಯಾರ’ ಎಂಬ ಬಾಲದ ಹತ್ತಿರ ತಡವರಿಸುತ್ತಾರೆ. ಬಿಡಿಸಿದರೆ ಅದು ‘ಉಣ್ಣಲಿಕ್ಕೆ ಹತ್ತಿದ್ದಾರೆ’. ಹಳಗನ್ನಡದ ‘ಪತ್ತು’ ಇಂದಿನ ‘ಹತ್ತು’ ಆಗಿ ಇಲ್ಲಿ ಕೂತಿದೆ.

ಈ ಹತ್ತು ಮರ ಏರುವುದಕ್ಕಷ್ಟೇ ಅಲ್ಲ. ಅಂಟು, ತಗಲು ಎಂಬ ಹಳೆಯ ಅರ್ಥವೇ ಕಲಬುರಗಿ ಸೀಮೆಯಲ್ಲಿ ಹೆಚ್ಚು ದುಡಿಯುತ್ತದೆ. ಕೈಗೆ ಬಣ್ಣ ಹತ್ತುತ್ತದೆ, ಒಲಿ ಹತ್ತುತ್ತದೆ, ಕಣ್ಣಿಗೆ ನಿದ್ದಿ ಹತ್ತುತ್ತದೆ. ಆಳಂದದಿಂದ ಕಲಬುರಗಿಗೆ ಎಷ್ಟು ತಾಸು ಹತ್ತತದ, ಎಷ್ಟು ರೊಕ್ಕ ಹತ್ತತದ ಎಂದೂ ಕೇಳುತ್ತಾರೆ. ಗಡಿಯಾಚೆಯ ಮರಾಠಿಯಲ್ಲಿ ‘ಲಾಗಣೆ’ ಇದೇ ಕೆಲಸಗಳನ್ನು ಮಾಡುತ್ತದೆ: ಬೆಂಕಿ, ಹಣ, ವೇಳೆ ಎಲ್ಲವೂ ಅಲ್ಲಿ ‘ಲಾಗ’ತಾವೆ. ‘ಕರಾಯಲಾ ಲಾಗಲಾ’ ಎಂದರೆ ಮಾಡತೊಡಗಿದ.

ನಮ್ಮವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಭೂತರೂಪವನ್ನೇ ಹಿಡಿದು ವರ್ತಮಾನ ಹೇಳುತ್ತಾರೆ. ಕೆಲಸಕ್ಕೆ ಅಂಟಿಕೊಂಡಾಗಿದೆ, ಇನ್ನೂ ಬಿಟ್ಟಿಲ್ಲ, ಅಂದರೆ ಈಗ ನಡೆದಿದೆ. ಡಚ್ಚರು ‘ಓದುತ್ತಿದ್ದಾನೆ’ ಎನ್ನಲು ‘ಓದಲು ಕೂತಿದ್ದಾನೆ’ ಎಂಬಂಥ ಮಾತು ಬಳಸುವುದುಂಟು. ಅವರು ಕೂಡುತ್ತಾರೆ, ನಾವು ಹತ್ತುತ್ತೇವೆ, ಅಷ್ಟೇ.

ಕಿವಿಗೊಡಬೇಕಾದದ್ದು ಕೊನೆಯ ತುಣುಕಿಗೆ. ‘ಉಣ್ಲಾಕತ್ಯಾನ’ ಎಂದರೆ ಈಗ ಉಣ್ಣುತ್ತಿದ್ದಾನೆ. ‘ಉಣ್ಲಾಕತ್ತಿದ್ದ’ ಎಂದರೆ ಆಗ ಉಣ್ಣುತ್ತಿದ್ದ. ‘ಉಣ್ಲಾಕ ಹತ್ತಿದ’ ಎಂದು ಬಿಡಿಸಿ ಹೇಳಿದರೆ ಉಣ್ಣಲು ಶುರುಮಾಡಿದ. ಒಂದು ‘ದ’ ಒತ್ತಿನಲ್ಲಿ ಊಟದ ಕಥೆಯೇ ಬದಲಾಗುತ್ತದೆ. ನಾನು ಎಂದಾದರೆ ‘ಉಣ್ಲಾಕತ್ತೀನಿ’.

‘ಯಾನ’, ‘ಆನ’ ಕಂಡಲ್ಲೆಲ್ಲ ‘ಇದ್ದಾನೆ’ ಎಂದು ಓದಿಕೊಂಡರೆ ಮುಕ್ಕಾಲು ದಾರಿ ಸಲೀಸು: ಹೋಗ್ಯಾನ, ಮಾಡ್ಯಾನ, ಬಂದಾನ. ಕೊನೆಯದನ್ನು ಗ್ರಂಥಭಾಷೆಯ ‘ಬಂದಾನು’ ಎಂದು ತಿಳಿದು, ಬರಬಹುದೇನೋ ಎಂದು ಕಾಯುತ್ತ ಕೂತರೆ, ಬಂದವನು ಒಳಗೆ ಚಹಾ ಕುಡಿದು ಹೊರಟಿರುತ್ತಾನೆ.

ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ದತ್ತನ ದರ್ಶನ ಮುಗಿಸಿದವರೊಬ್ಬರು ಫೋನಿನಲ್ಲಿ ‘ಬಸ್ ಹತ್ಲಾಕತ್ತೀನಿ’ ಎಂದರೆ ಗಾಬರಿ ಬೇಡ. ಮೊದಲನೆಯ ಹತ್ತು ಬಸ್ಸಿನ ಮೆಟ್ಟಿಲಿಗೆ, ಎರಡನೆಯದು ವ್ಯಾಕರಣಕ್ಕೆ.