ಒಂದು ಕೋಣೆ, ಒಂದು ಒಲೆ

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರು ಕ್ಯಾನ್ಸರ್ ಎಂದೊಡನೆ ಮುಂಬೈ ರೈಲು ಹತ್ತುವುದು ಇಂದು ನಿನ್ನೆಯ ರೂಢಿಯಲ್ಲ. ಅಲ್ಲಿ ಪರೇಲ್‌ನಲ್ಲಿ 1941ರಿಂದ ಟಾಟಾ ಸ್ಮಾರಕ ಆಸ್ಪತ್ರೆ ಇದೆ. ಅದರ ಪಕ್ಕದ ಜೆರ್ಬಾಯಿ ವಾಡಿಯಾ ರಸ್ತೆಯ ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು, ಅಲ್ಲೇ ಬೇಯಿಸಿಕೊಂಡು ದಿನ ದೂಡುವ ರೋಗಿಗಳ ಕುಟುಂಬಗಳೂ ಇವೆ. ಒಳಗೆ ಚಿಕಿತ್ಸೆ ಕಡಿಮೆ ಖರ್ಚಿಗೆ ಸಿಗುವಾಗ ಇವರೇಕೆ ಬೀದಿಯಲ್ಲಿದ್ದಾರೆ? ಆಸ್ಪತ್ರೆಯ ಬಿಲ್ಲಿನಲ್ಲಿ ಬರೆಯದ ಖರ್ಚು ಬಿಲ್ಲಿಗಿಂತ ಹೆಚ್ಚಾಗಿ ಮನೆಯನ್ನು ಮುಳುಗಿಸುತ್ತದೆ, ಅದಕ್ಕೆ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್ ಅನ್ನೇ ತೆಗೆದುಕೊಳ್ಳಿ. ಚಿಕಿತ್ಸೆ ಮುಗಿಯಲು ಎರಡರಿಂದ ಮೂರು ವರ್ಷ ಬೇಕು. ಕೊನೆಯ ಘಟ್ಟದಲ್ಲಿ ಬಹುಪಾಲು ಮಾತ್ರೆಗಳೇ, ಊರಿನಲ್ಲಿದ್ದುಕೊಂಡು ಆಗಾಗ ಬಂದು ಹೋಗಬಹುದು. ಮೊದಲ ಕೆಲವು ತಿಂಗಳು ಮಾತ್ರ ಹಾಗಲ್ಲ. ಕಿಮೋ ಕೊಟ್ಟ ಮೇಲೆ ಬಿಳಿ ರಕ್ತಕಣಗಳು ಕುಸಿಯುತ್ತವೆ. ವಾರ್ಡಿನ ಭಾಷೆಯಲ್ಲಿ ‘ಕೌಂಟ್ ಬಿದ್ದಿದೆ’. ಆಗ ಜ್ವರ ಬಂದರೆ ಬೆಳಗಾಗಲಿ ನೋಡೋಣ ಎನ್ನುವಂತಿಲ್ಲ, ಕೂಡಲೇ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಹೋಗಬೇಕು. ಹೀಗಾಗಿ ಊರಿಗೆ ಮರಳುವಂತಿಲ್ಲ, ಆಸ್ಪತ್ರೆಯವರು ಅಷ್ಟು ದಿನವೂ ಹಾಸಿಗೆ ಕೊಡಲಾರರು, ಬೀದಿಯ ದೂಳಿನಲ್ಲಿ ಮಲಗಿಸಿದರೆ ಸೋಂಕು ಬಿಡುವುದಿಲ್ಲ. ಬಾಡಿಗೆಗೆ ಕೋಣೆ ಹಿಡಿಯೋಣವೆಂದರೆ ಅದು ಮುಂಬೈ.

ದಾದರಿನ ಗಾಡಗೆ ಮಹಾರಾಜ್ ಧರ್ಮಶಾಲೆ ಇಂಥವರಿಗೆ ಬಹುಕಾಲದಿಂದ ನೆರಳಾಗಿದೆ. ಮಕ್ಕಳಿಗೆಂದೇ ಹೊಸ ಬಗೆಯ ಆಸರೆ ಹುಟ್ಟಿದ್ದು 2006ರಲ್ಲಿ. ಶ್ಯಾಮಾ ಮತ್ತು ನಿಹಾಲ್ ಕವಿರತ್ನೆ ದಂಪತಿ ಮುಂಬೈಯಲ್ಲಿ ‘ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್’ ಆರಂಭಿಸಿದರು. ಇದು ಆಸ್ಪತ್ರೆಯಲ್ಲ, ಇಲ್ಲಿ ಯಾರೂ ಸೂಜಿ ಚುಚ್ಚುವುದಿಲ್ಲ. ದೂರದೂರಿನಿಂದ ಬಂದ ಬಡ ಕುಟುಂಬಕ್ಕೆ ಮಗುವಿನ ಚಿಕಿತ್ಸೆ ನಡೆಯುವಷ್ಟು ಕಾಲ ಇರಲು ಶುಚಿಯಾದ ಜಾಗ, ಅಡುಗೆಗೆ ದಿನಸಿ, ಆಸ್ಪತ್ರೆಗೆ ಹೋಗಿಬರಲು ವಾಹನ, ಮಗುವಿಗೆ ಪಾಠ, ಅಪ್ಪ ಅಮ್ಮನಿಗೆ ಆಪ್ತ ಸಲಹೆ ಎಲ್ಲವೂ ಉಚಿತ. ಮುಂಬೈಯ ಕಾಟನ್ ಗ್ರೀನ್‌ನಲ್ಲಿ ಬಂದರು ಟ್ರಸ್ಟಿನ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿ ದೊಡ್ಡ ವಸತಿ ಮಾಡಿದ್ದಾರೆ. ಕೋಲ್ಕತ್ತ, ದೆಹಲಿ, ಜೈಪುರ, ಹೈದರಾಬಾದ್, ಚೆನ್ನೈ, ಗುವಾಹಟಿಗಳಲ್ಲೂ ಕೇಂದ್ರಗಳಿವೆ.

ಈ ವ್ಯವಸ್ಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅಡುಗೆಮನೆ. ದೊಡ್ಡ ಹಂಡೆಯಲ್ಲಿ ಬೇಯಿಸಿ ಸಾಲಿನಲ್ಲಿ ಬಡಿಸಿದ್ದರೆ ಕೆಲಸ ಸುಲಭವಾಗುತ್ತಿತ್ತು. ಹಾಗೆ ಮಾಡದೆ ಸಾಮೂಹಿಕ ಅಡುಗೆಮನೆಯಲ್ಲಿ ಪ್ರತಿ ಕುಟುಂಬಕ್ಕೂ ಅದರದೇ ಒಲೆ, ಅದರದೇ ಕಪಾಟು ಕೊಟ್ಟಿದ್ದಾರೆ. ಕಿಮೋ ನಡೆಯುವಾಗ ಬಾಯಿ ತುಂಬ ಹುಣ್ಣು, ಏನು ಕಂಡರೂ ವಾಕರಿಕೆ. ಅಂಥ ಮಗುವಿನ ಹೊಟ್ಟೆಗೆ ನಾಲ್ಕು ತುತ್ತು ಇಳಿದರೆ ಅದು ಅವ್ವ ಕಲಸಿದ ಅನ್ನವೋ ನುಚ್ಚೋ ಆಗಿರುತ್ತದೆ. ಬಂಗಾಳದ ಮಗುವಿಗೆ ಬೇಕಾದದ್ದೇ ಬೇರೆ, ಇಂಡಿ ತಾಲ್ಲೂಕಿನ ಮಗುವಿಗೆ ಬೇಕಾದದ್ದೇ ಬೇರೆ. ತಾಯಿಗೂ ದಿನವಿಡೀ ಕೈಗೊಂದು ಕೆಲಸ. ದಾನ ಪಡೆಯುವವರ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುವುದು ತಪ್ಪುತ್ತದೆ.

ಇಂಥ ಆಸರೆಗೂ ಮಗು ಉಳಿಯುವುದಕ್ಕೂ ಏನು ಸಂಬಂಧ? ನೇರ ಸಂಬಂಧ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಗುಣವಾಗುತ್ತಾರೆ, ಬಡ ದೇಶಗಳಲ್ಲಿ 30ಕ್ಕಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2030ರೊಳಗೆ ಜಗತ್ತಿನಾದ್ಯಂತ ನೂರಕ್ಕೆ ಕನಿಷ್ಠ 60 ಮಕ್ಕಳಾದರೂ ಉಳಿಯಬೇಕೆಂಬ ಗುರಿಯನ್ನು ಅದು 2018ರಲ್ಲಿ ಇಟ್ಟುಕೊಂಡಿತು. ಈ ಅಂತರಕ್ಕೆ ಕಾರಣ ಹಲವು. ಅವುಗಳಲ್ಲೊಂದು, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು. ಮೊದಲ ತಿಂಗಳ ಔಷಧಿಗೇ ಎಷ್ಟೋ ಮಕ್ಕಳು ಎದ್ದು ಓಡಾಡತೊಡಗುತ್ತಾರೆ. ಕೈಯಲ್ಲಿ ದುಡ್ಡು ಮುಗಿದಿರುತ್ತದೆ, ಹೊಲದಲ್ಲಿ ರಾಶಿ ಕಾದಿರುತ್ತದೆ. ‘ಆರಾಮಾಗ್ಯಾನಲ್ಲ, ಹೋಗಿ ಬರೋಣ’ ಎಂದು ಹೊರಟವರು ಮತ್ತೆ ಬರುವ ಹೊತ್ತಿಗೆ ರೋಗ ಮರಳಿರುತ್ತದೆ. ಇದನ್ನು ತಂದೆತಾಯಿಯ ಅಜ್ಞಾನ ಎಂದು ತಳ್ಳಿಹಾಕುವವರಿದ್ದಾರೆ. ನನ್ನ ಮಟ್ಟಿಗೆ ಅದು ಅಜ್ಞಾನಕ್ಕಿಂತ ಲೆಕ್ಕಾಚಾರ, ಬೇರೆ ದಾರಿ ಕಾಣದವನ ಲೆಕ್ಕಾಚಾರ.

ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವವರ ಕಥೆಯೂ ಹೆಚ್ಚು ಬೇರೆಯಲ್ಲ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಬಡತನದ ಗೆರೆಗೆ ಚೂರು ಮೇಲಿರುವ ಸಣ್ಣ ಅಂಗಡಿಯವನು, ಖಾಸಗಿ ಶಾಲೆಯ ಮೇಷ್ಟ್ರು ಸಿಕ್ಕಿಬೀಳುವುದು ಇಲ್ಲಿಯೇ. ಕಾರ್ಡ್ ಇದ್ದವರಿಗೂ ತೊಡಕು ತಪ್ಪಿದ್ದಲ್ಲ. ಮಗು ಚಿಕ್ಕದು, ರೇಷನ್ ಕಾರ್ಡಿನಲ್ಲಿ ಅದರ ಹೆಸರನ್ನೇ ಸೇರಿಸಿರುವುದಿಲ್ಲ. ಇಂಥ ಗಂಟು ಬಿಡಿಸುವವರು ಆಸ್ಪತ್ರೆಯ ವೈದ್ಯಕೀಯ ಸಮಾಜ ಕಾರ್ಯಕರ್ತರು. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ, ಟ್ರಸ್ಟುಗಳಿಗೆ ಪತ್ರ, ಉಳಿಯಲು ಧರ್ಮಶಾಲೆ, ಯಾವುದಕ್ಕೂ ಮೊದಲು ಹುಡುಕಬೇಕಾದ ಮೇಜು ಅವರದೇ. ರೋಗ ಪತ್ತೆಯಾದ ದಿನವೇ ಅಲ್ಲಿಗೆ ಹೋಗುವುದು ಮೇಲು. ಹೊಲ ಒತ್ತೆ ಇಟ್ಟ ಮೇಲೆ ಬಂದರೆ ಅವರೂ ಹೊಲ ಬಿಡಿಸಿಕೊಡಲಾರರು.

ಇನ್ನು ಪ್ರಯಾಣದ ಮಾತು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು. ಆಸ್ಪತ್ರೆಯ ಪ್ರಮಾಣಪತ್ರ ಬೇಕು. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ತಾಯಿಯ ಟಿಕೆಟ್ ಉಳಿದಿದೆ. ಅಪ್ಪನದು ಉಳಿದಿಲ್ಲ.

ಇತ್ತೀಚೆಗೆ ಮೊಬೈಲಿನಲ್ಲಿ ಹಣ ಎತ್ತುವ ಮನವಿಗಳು ದಿನವೂ ಕಾಣುತ್ತವೆ. ಅದರಿಂದ ಉಳಿದ ಮಕ್ಕಳಿದ್ದಾರೆ, ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಕೂದಲುದುರಿ ಅಳುತ್ತಿರುವ ಮಗುವಿನ ಫೋಟೊ ಆ ಮಗು ಗುಣವಾಗಿ ಕಾಲೇಜಿಗೆ ಹೋಗುವಾಗಲೂ ಅಲ್ಲೇ ಇರುತ್ತದಲ್ಲ. ಹಣ ಕಳಿಸುವವರು ಅದು ಆಸ್ಪತ್ರೆಯ ಖಾತೆಗೇ ಸೇರುತ್ತದೆಯೇ ಎಂದು ನೋಡಿಕೊಳ್ಳುವುದಂತೂ ಅಗತ್ಯ.

ಊರಿನವರು ಮಾಡಬಹುದಾದದ್ದಕ್ಕೆ ಹಣವೇ ಬೇಕೆಂದಿಲ್ಲ. ಕಿಮೋ ನಡೆಯುವ ಮಗುವಿಗೆ ಪ್ಲೇಟ್‌ಲೆಟ್ ಪದೇ ಪದೇ ಬೇಕಾಗುತ್ತದೆ, ಸಂಗ್ರಹಿಸಿದ್ದು ಐದೇ ದಿನ ಉಳಿಯುತ್ತದೆ, ಪರಸ್ಥಳದಲ್ಲಿ ದಾನಿಗಳನ್ನು ಹುಡುಕುವುದು ಕಷ್ಟ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಊರ ಹುಡುಗರ ಒಂದು ವಾಟ್ಸ್ಆ್ಯಪ್ ಗುಂಪು ಆಗ ಬಹಳ ಉಪಯೋಗಕ್ಕೆ ಬರುತ್ತದೆ. ಇನ್ನು ಅಪ್ಪ ಅಮ್ಮ ಇಬ್ಬರೂ ಆಸ್ಪತ್ರೆಯಲ್ಲಿರುವಾಗ ಅಜ್ಜಿಯ ಬಳಿ ಉಳಿದ ಇನ್ನೊಂದು ಮಗು ಇರುತ್ತದೆ. ಅದರ ಶಾಲೆ ಫೀಸು, ಮನೆಯ ಎಮ್ಮೆಯ ಮೇವು, ಮುಂಗಾರಿಗೆ ಒಂದು ಹರಗಾಟ ಇಷ್ಟನ್ನು ಅಣ್ಣತಮ್ಮಂದಿರೋ ನೆರೆಯವರೋ ಹಂಚಿಕೊಂಡರೆ ಆಸ್ಪತ್ರೆಯಲ್ಲಿರುವವನಿಗೆ ಊರಿನ ಬಸ್ಸು ಹತ್ತುವ ಅವಸರ ಇರುವುದಿಲ್ಲ.