ವಾಲ್ವ್ ಲೀಕ್ ಅಂದರೆ ಹಾರ್ಟಿಗೆ ತೂತಲ್ಲ

"ಹಾರ್ಟಿನ ವಾಲ್ ಲೀಕ್ ಆಗೇತಂತ್ರೀ." ಮಿರಜಕ್ಕೋ ಬೆಳಗಾವಿಗೋ ಹೋಗಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಕೊಂಡು ಬಂದವರ ಮನೆಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮರುದಿನ ಅದು ಊರ ಬಾಯಲ್ಲಿ 'ಹಾರ್ಟಿಗಿ ತೂತು ಬಿದ್ದೈತಿ' ಆಗಿರುತ್ತದೆ. ಮೂರನೆಯ ದಿನ ಕಬ್ಬಿನ ಬಿಲ್ಲು ಯಾವಾಗ ಬರುತ್ತದೆ, ಆಪರೇಷನ್ನಿಗೆ ಎಷ್ಟು ಲಕ್ಷ ಎಂಬ ಲೆಕ್ಕ. ನಿಪ್ಪಾಣಿ ಕಡೆಯ ಒಂದು ಮನೆಯಲ್ಲಿ ಮಗಳ ಸಂಬಂಧವೇ ಮುರಿಯುವುದರಲ್ಲಿತ್ತು. ರಿಪೋರ್ಟ್ ಇಸಿದುಕೊಂಡು ನೋಡಿದೆ: 'ಟ್ರಿವಿಯಲ್ ಎಂಆರ್, ಟ್ರಿವಿಯಲ್ ಟಿಆರ್, ಇಎಫ್ 60'. ಇಷ್ಟಕ್ಕೆ ಆ ತಾಯಿ ಎರಡು ದಿನ ಊಟ ಬಿಟ್ಟಿದ್ದಳು.

ಎಂಆರ್ ಎಂದರೆ ಮೈಟ್ರಲ್ ವಾಲ್ವಿನ ಸೋರಿಕೆ, ಟಿಆರ್ ಎಂದರೆ ಟ್ರೈಕಸ್ಪಿಡ್ ವಾಲ್ವಿನ ಸೋರಿಕೆ; ಇಎಫ್ ಎಂದರೆ ಹೃದಯ ಪಂಪು ಮಾಡುವ ಶಕ್ತಿಯ ಅಳತೆ, 60 ಎಂದರೆ ಸರಿಯಾಗಿಯೇ ಇದೆ. ಟ್ರಿವಿಯಲ್ ಎಂದರೆ ಲೆಕ್ಕಕ್ಕಿಲ್ಲದ್ದು. ಗಟ್ಟಿಮುಟ್ಟಾದ ಹತ್ತು ಜನರಿಗೆ ಎಕೋ ಮಾಡಿದರೆ ಹೆಚ್ಚಿನವರಲ್ಲಿ ಬಲಗಡೆಯ ಟ್ರೈಕಸ್ಪಿಡ್ ವಾಲ್ವ್ ಒಂದಿಷ್ಟು ರಕ್ತವನ್ನು ಹಿಂದಕ್ಕೆ ಬಿಡುತ್ತಲೇ ಇರುತ್ತದೆ. ತೂತು ಬೀಳುವುದು ಹೃದಯದ ಕೋಣೆಗಳ ನಡುವಿನ ಗೋಡೆಗೆ; ಅದು ಬೇರೆಯೇ ಕಾಯಿಲೆ.

ಈ ಭಯ ಎಲ್ಲಿಂದ ಬಂತೆಂದು ನನಗೆ ಗೊತ್ತು. ಅಥಣಿ, ರಾಯಬಾಗ, ಕಾಗವಾಡದ ಹೊಳೆದಂಡೆಯ ರೈತನಿಗೆ ವಾಲ್ವ್ ಎಂದರೆ ಪಂಪಿನ ಫುಟ್‌ವಾಲ್ವ್. ಅದು ಚೂರು ಸೋರಿದರೂ ರಾತ್ರಿ ಕರೆಂಟ್ ಹೋದಾಗ ಪೈಪಿನ ನೀರೆಲ್ಲ ಹೊಳೆಗೆ ಇಳಿದು, ಬೆಳಗ್ಗೆ ಮೋಟಾರು ಬರೀ ಗಾಳಿ ಎಳೆಯುತ್ತದೆ. ಆದರೆ ಹೃದಯಕ್ಕೆ ಕರೆಂಟ್ ಹೋಗುವುದಿಲ್ಲ. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುವ ಪಂಪು ಅದು. ಹಿಂದೆ ಸರಿದ ಹನಿ ಮರುಬಡಿತಕ್ಕೇ ಮುಂದೆ ಹೋಗುತ್ತದೆ. ಸೋರಿಕೆ 'ಸಿವಿಯರ್' ಆಗಿದ್ದರೆ, ಹೃದಯ ಹಿಗ್ಗಿದ್ದರೆ, ನಡೆದರೆ ಏದುಸಿರು ಬರುತ್ತಿದ್ದರೆ ಆಗ ಮಾತು ಬೇರೆ.

ಊರ ಬಾಯಲ್ಲಿ ಇನ್ನೂ ಕೆಲವು ತಪ್ಪು ಮಾತುಗಳಿವೆ. ರಿಪೋರ್ಟಿನ ಚಿತ್ರದಲ್ಲಿ ಕಾಣುವ ನೀಲಿ ಕೆಟ್ಟ ರಕ್ತವಲ್ಲ, ರಕ್ತ ಹರಿಯುವ ದಿಕ್ಕನ್ನು ತೋರಿಸಲು ಯಂತ್ರ ಬಳಿದ ಬಣ್ಣ. ಸ್ಟೆಂಟ್ ಹಾಕುವುದು ರಕ್ತನಾಳಕ್ಕೆ, ಅದರಿಂದ ವಾಲ್ವಿನ ಸೋರಿಕೆ ನಿಲ್ಲುವುದಿಲ್ಲ. ಯಾವ ಕಷಾಯವೂ ವಾಲ್ವನ್ನು ಬಿಗಿ ಮಾಡುವುದಿಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಏನೂ ಇಲ್ಲದ ರಿಪೋರ್ಟಿಗೆ ಹೊಲ ಮಾರಲು ತಯಾರಾಗುವ ನಾವೇ, ಮಕ್ಕಳ ಗಂಟಲುನೋವು, ಆಮೇಲೆ ಬರುವ ಕೀಲುಬಾವು, ಜ್ವರಗಳನ್ನು 'ಬೆಳೆಯೋ ನೋವು' ಎಂದು ಬಿಟ್ಟುಬಿಡುತ್ತೇವೆ. ಅದು ರುಮ್ಯಾಟಿಕ್ ಜ್ವರವಾಗಿದ್ದರೆ ವಾಲ್ವಿನ ಎಲೆಗಳು ವರ್ಷಗಳ ಮೇಲೆ ದಪ್ಪಗಾಗಿ ಅಂಟಿಕೊಳ್ಳುತ್ತವೆ. 4ರಿಂದ 6 ಚದರ ಸೆಂಟಿಮೀಟರ್ ತೆರೆಯಬೇಕಾದ ಮೈಟ್ರಲ್ ಬಾಗಿಲು ಒಂದಕ್ಕೆ ಇಳಿಯುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಅದು ಗೊತ್ತಾಗುವುದೇ ಬಸುರಿಯಾದಾಗ, ಉಸಿರು ಕಟ್ಟಿದಾಗ. ಅಂಥವರಲ್ಲಿ ಅನೇಕರಿಗೆ ಎದೆ ಕೊಯ್ಯದೆ ತೊಡೆಸಂದಿನ ರಕ್ತನಾಳದಿಂದ ಬಲೂನು ಕಳಿಸಿ ಆ ಬಾಗಿಲನ್ನು ಬಿಡಿಸಬಹುದು.

ಎಕೋ ರಿಪೋರ್ಟನ್ನು ಓಣಿಯಲ್ಲಿ ಓದಿಸಬೇಡಿ, ಬರೆದ ಡಾಕ್ಟರನ್ನೇ ಕೇಳಿ: ಟ್ರಿವಿಯಲ್ಲೋ, ಮೈಲ್ಡೋ, ಸಿವಿಯರೋ? ರುಮ್ಯಾಟಿಕ್ಕೋ, ಅಲ್ಲವೋ? ರುಮ್ಯಾಟಿಕ್ ಎಂದರೆ 21 ದಿನಕ್ಕೊಮ್ಮೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್ನನ್ನು, ಡಾಕ್ಟರೇ ಸಾಕು ಎನ್ನುವವರೆಗೆ, ಒಂದು ಸಲವೂ ತಪ್ಪಿಸಬೇಡಿ.